ಅರ್ಕಾವತ್ತಿನ ಸಾಲು ತಿದ್ದಲು ಒಂದು ವಿಂಡೋಸ್ ಕಂಪ್ಯೂಟರ್

ಹೊಸ ವಿಂಡೋಸ್ ಲ್ಯಾಪ್‌ಟಾಪ್ ತೆರೆದರೆ ಹವಾಮಾನ ಹೇಳುವ ಪಟ್ಟಿ ಉಂಟು, ಇಸ್ಪೀಟಾಟ ಉಂಟು, ಯಾರೂ ಕರೆಯದೆ ಬಂದು ಕೂತ ಹತ್ತೆಂಟು ಆಪ್‌ಗಳುಂಟು. ಸಿ ಅಥವಾ ಸಿ++ ಭಾಷೆಯ ಕಂಪೈಲರ್ ಮಾತ್ರ ಇಲ್ಲ. ಬರೆದಿಟ್ಟ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವ ಈ ಸಲಕರಣೆ ಇಲ್ಲವೆಂಬುದು ಬಹುಪಾಲು ಜನರಿಗೆ ತಿಳಿಯುವುದೇ ಇಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ತಿಳಿಯುವುದು ಯಾವಾಗ ಎಂದರೆ, ಯಾವುದೋ ಮುಕ್ತ ಸಾಫ್ಟ್‌ವೇರ್‌ನ ಸೋರ್ಸ್ ಇಳಿಸಿಕೊಂಡು, ಜೊತೆಗಿದ್ದ ರೀಡ್‌ಮಿ ಫೈಲ್ ಹೇಳಿದಂತೆ ಕಪ್ಪು ಕಿಟಕಿಯಲ್ಲಿ 'ಮೇಕ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ. ಅಂಥ ಆಜ್ಞೆ ತನ್ನ ಒಳಗೂ ಇಲ್ಲ, ಹೊರಗೂ ಇಲ್ಲ ಎಂದು ವಿಂಡೋಸ್ ಕೈ ಎತ್ತಿಬಿಡುತ್ತದೆ.

ಲಿನಕ್ಸ್ ಬಳಗದವರು ಇದನ್ನು ಕಂಡು ನಗುತ್ತಾರೆ. ಅವರ ಮನೆತನದ ಚರಿತ್ರೆ ಬೇರೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಹೊರಟ ಯುನಿಕ್ಸ್, ಹೋದಲ್ಲೆಲ್ಲ ಸಿ ಕಂಪೈಲರನ್ನು ಕಂಕುಳಲ್ಲಿಟ್ಟುಕೊಂಡೇ ಹೋಯಿತು. ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆಯ ಯಂತ್ರ. ಹಾಗಾಗಿ ಪ್ರೋಗ್ರಾಂಗಳು ಸೋರ್ಸ್ ರೂಪದಲ್ಲೇ ಊರಿಂದೂರಿಗೆ ಹೋಗಿ, ತಲುಪಿದ ಜಾಗದಲ್ಲಿ ಅಲ್ಲಿನ ಯಂತ್ರಕ್ಕೆ ತಕ್ಕಂತೆ ಕಂಪೈಲ್ ಆಗುತ್ತಿದ್ದವು. ಯಾವ ಫೈಲ್ ಬದಲಾದರೆ ಯಾವುದನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕು ಎಂಬ ಲೆಕ್ಕ ಇಡಲು ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ 'ಮೇಕ್' ಬರೆದರು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಜಿಸಿಸಿ ಕಂಪೈಲರನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 1991ರಲ್ಲಿ ಆಟೋಕಾನ್ಫ್ ಬಂತು. 'ಕಾನ್ಫಿಗರ್' ಎಂಬ ಆಜ್ಞೆ ಓಡಿಸಿದಾಗ ತೆರೆಯ ಮೇಲೆ ಸರಸರನೆ ಸಾಲುಗಳು ಉರುಳುತ್ತವಲ್ಲ, ಅದು ಆಟೋಕಾನ್ಫ್ ಹುಟ್ಟಿಸಿದ ಸ್ಕ್ರಿಪ್ಟ್ ಕಂಪ್ಯೂಟರನ್ನು ವಿಚಾರಿಸಿಕೊಳ್ಳುವ ಪರಿ: ಈ ಫಂಕ್ಷನ್ ಇದೆಯೇ, ಆ ಹೆಡರ್ ಫೈಲ್ ಇದೆಯೇ, ಪೂರ್ಣಾಂಕಕ್ಕೆ ಎಷ್ಟು ಬೈಟ್? ಹೀಗೆ ವಿಚಾರಿಸುವುದಕ್ಕೂ ಅದಕ್ಕೆ ಯುನಿಕ್ಸ್ ಶೆಲ್, ಗ್ರೆಪ್, ಸೆಡ್ ಮೊದಲಾದ ಪರಿವಾರ ಎದುರಿಗಿರಬೇಕು.

ವಿಂಡೋಸ್ ಬೆಳೆದದ್ದು ಅಂಗಡಿಯಲ್ಲಿ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಜಾತಿಯ ಪ್ರೊಸೆಸರ್. ಒಂದು ಕಡೆ ಕಂಪೈಲ್ ಮಾಡಿದ ಪ್ರೋಗ್ರಾಂ ಎಲ್ಲ ಕಡೆ ಓಡುತ್ತಿತ್ತು. ಸಾಫ್ಟ್‌ವೇರ್ ಬರುತ್ತಿದ್ದುದು ಡಬ್ಬಿಯಲ್ಲಿ, ಸಿದ್ಧರೂಪದಲ್ಲಿ. ಕಂಪೈಲರ್ ಎಂಬುದು ವೃತ್ತಿಪರರು ದುಡ್ಡು ಕೊಟ್ಟು ಕೊಳ್ಳುವ ಸರಕು. ಮೈಕ್ರೋಸಾಫ್ಟ್ ತನ್ನ ಪೂರ್ಣಪ್ರಮಾಣದ ವಿಷುವಲ್ ಸ್ಟುಡಿಯೋವನ್ನು 'ಕಮ್ಯುನಿಟಿ' ಹೆಸರಿನಲ್ಲಿ ಬಿಡಿ ಬಳಕೆದಾರರಿಗೂ ವಿದ್ಯಾರ್ಥಿಗಳಿಗೂ ಉಚಿತವಾಗಿ ಕೊಡತೊಡಗಿದ್ದು 2014ರಲ್ಲಿ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಮುಕ್ತ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಕಂಪೈಲ್ ಆಗದೆ ಹಠ ಹಿಡಿದರೆ ತೊಡಕಿರುವುದು ಸಾಮಾನ್ಯವಾಗಿ ಕೋಡ್‌ನಲ್ಲಲ್ಲ. ತನ್ನ ಸುತ್ತ ಇಂಥಿಂಥದ್ದು ಇದ್ದೇ ಇರುತ್ತದೆ ಎಂದು ಆ ಕೋಡ್ ನಂಬಿದ ಪರಿಸರದಲ್ಲಿ. ಕಂಪ್ಯೂಟರನ್ನು ಸಜ್ಜು ಮಾಡುವುದೆಂದರೆ ಆ ಪರಿಸರವನ್ನು ಒಂದೇ ಕಡೆ, ಕಲಬೆರಕೆ ಇಲ್ಲದೆ ಕಟ್ಟುವುದು. ಕಲಬೆರಕೆ ಇಲ್ಲದೆ ಎಂಬುದೇ ಇಲ್ಲಿ ಮುಖ್ಯ.

ಸಿದ್ಧ ಪ್ರೋಗ್ರಾಂ ಸಿಗುವಾಗ ಈ ಉಸಾಬರಿ ಯಾಕೆ ಎಂಬ ಪ್ರಶ್ನೆಗೆ ಉತ್ತರವಾಗಿ ಕನ್ನಡಿಗರಿಗೆ ನೇರವಾಗಿ ಸಂಬಂಧಪಟ್ಟ ಒಂದು ಸಾಫ್ಟ್‌ವೇರನ್ನೇ ಎತ್ತಿಕೊಳ್ಳೋಣ. ಅದು ಹಾರ್ಫ್‌ಬಜ್. ಬೆಹದಾದ್ ಎಸ್‌ಫಹ್‌ಬೋದ್ ಮುಂದಾಳತ್ವದಲ್ಲಿ ಬೆಳೆದ ಈ ಲೈಬ್ರರಿಯ ಕೆಲಸ ಅಕ್ಷರ ಜೋಡಣೆ. 'ಕರ್ನಾಟಕ' ಎಂದು ಟೈಪ್ ಮಾಡಿದಾಗ ಕಂಪ್ಯೂಟರಿನ ಒಳಗೆ ಹೋಗುವುದು ಏಳು ಯೂನಿಕೋಡ್ ಸಂಕೇತಗಳು: ಕ, ರ, ಹಲಂತ, ನ, ಆಕಾರದ ಗುಣಿತ, ಟ, ಕ. ಆ ರ ಮತ್ತು ಹಲಂತವನ್ನು ಹಿಡಿದು, ನಾ ದಾಟಿಸಿ, ಅರ್ಕಾವತ್ತಾಗಿ ಕೂರಿಸುವವರು ಯಾರಾದರೂ ಬೇಕಲ್ಲ? ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಅದನ್ನು ಮಾಡುವುದು ಹಾರ್ಫ್‌ಬಜ್. ಇದರ ಸಿದ್ಧ ವಿಂಡೋಸ್ ಪ್ರತಿಯೂ ಸಿಗುತ್ತದೆ, ಸುಮ್ಮನೆ ಬಳಸುವವರಿಗೆ ಅದು ಧಾರಾಳ ಸಾಕು. ಆದರೆ ಕನ್ನಡದ ಒತ್ತಕ್ಷರಕ್ಕೆ ಜಾಗ ತೋರಿಸುವ ಸಾಲನ್ನು ಕಣ್ಣಾರೆ ನೋಡಿ, ತಿದ್ದಿ, ತಿದ್ದಿದ್ದು ಏನು ಮಾಡುತ್ತದೆಂದು ಅರಿಯಬೇಕಾದರೆ ಸೋರ್ಸ್‌ನಿಂದ ಕಂಪೈಲ್ ಮಾಡದೆ ಗತಿಯಿಲ್ಲ.

ಯಾವ ದಾರಿ ಹಿಡಿಯಬೇಕು

ವಿಂಡೋಸ್‌ನಲ್ಲಿ ಈಗ ಮೂರು ದಾರಿಗಳಿವೆ. ಮೊದಲನೆಯದು ಮೈಕ್ರೋಸಾಫ್ಟ್‌ನದೇ ಕಂಪೈಲರ್. ವಿಷುವಲ್ ಸ್ಟುಡಿಯೋ ಪೂರ್ತಿ ಬೇಡವೆಂದರೆ 'ಬಿಲ್ಡ್ ಟೂಲ್ಸ್' ಮಾತ್ರ ಹಾಕಿಕೊಳ್ಳಬಹುದು. ಅದರ ಅಳವಡಿಕೆ ಪಟ್ಟಿಯಲ್ಲಿ ಸಿ++ ಡೆಸ್ಕ್‌ಟಾಪ್ ಅಭಿವೃದ್ಧಿಯ ಚೌಕಕ್ಕೆ ಗುರುತು ಹಾಕಬೇಕು, ಹಲವು ಜಿಬಿ ಜಾಗ ಬಿಡಬೇಕು. ಅಷ್ಟಾದ ಮೇಲೂ ಮಾಮೂಲಿ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸಿಎಲ್' ಎಂದರೆ ಆ ಕಂಪೈಲರ್ ಓಗೊಡುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಅಡಗಿರುವ 'ಎಕ್ಸ್64 ನೇಟಿವ್ ಟೂಲ್ಸ್ ಕಮಾಂಡ್ ಪ್ರಾಂಪ್ಟ್' ಎಂಬ ಬೇರೆ ಕಿಟಕಿಯನ್ನೇ ತೆರೆಯಬೇಕು. ಕಂಪೈಲ್ ಕೆಲಸಕ್ಕೆ ನಕ್ಷೆ ಹಾಕಿಕೊಡುವ ಸಿಮೇಕ್ ಬಳಸುವ ಯೋಜನೆಗಳಿಗೆ ಇದು ರಾಜಮಾರ್ಗ. ಕಿಟ್‌ವೇರ್ ಸಂಸ್ಥೆ 2000ದ ಸುಮಾರಿಗೆ ಹುಟ್ಟುಹಾಕಿದ ಸಿಮೇಕ್ ಶುರುವಿನಿಂದಲೂ ವಿಂಡೋಸನ್ನು ಮನೆಯವನೆಂದೇ ಕಂಡಿದೆ. ಬೇಕಾದ ಉಪ ಲೈಬ್ರರಿಗಳನ್ನು ತಂದು ಕಂಪೈಲ್ ಮಾಡಿಕೊಡಲು 2016ರಿಂದ ಮೈಕ್ರೋಸಾಫ್ಟ್‌ನ ವಿಸಿಪಿಕೆಜಿ ಇದೆ.

ಎರಡನೆಯದು ಡಬ್ಲ್ಯುಎಸ್‌ಎಲ್, ಅಂದರೆ ವಿಂಡೋಸ್‌ನ ಹೊಟ್ಟೆಯೊಳಗೇ ಒಂದು ಲಿನಕ್ಸ್. 2016ರಲ್ಲಿ ಬಂದ ಮೊದಲ ಆವೃತ್ತಿ ಲಿನಕ್ಸ್‌ನ ನಟನೆ ಮಾಡುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಅಸಲಿ ಲಿನಕ್ಸ್ ಕರ್ನೆಲ್ಲೇ ಓಡುತ್ತದೆ. ಒಂದೇ ಆಜ್ಞೆಯಲ್ಲಿ ಅಳವಡಿಕೆ, ರೀಡ್‌ಮಿ ಫೈಲಿನ ಸಾಲುಗಳು ಅಕ್ಷರಶಃ ಕೆಲಸ ಮಾಡುತ್ತವೆ. ಕಲಿಯುವವರಿಗೆ, ಸರ್ವರ್ ಕೆಲಸದವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಹಲವರು ಎಡವುವುದೂ ಇಲ್ಲೇ. ಅಲ್ಲಿ ಕಂಪೈಲ್ ಆದದ್ದು ಲಿನಕ್ಸ್ ಪ್ರೋಗ್ರಾಂ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಪಕ್ಕದ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಏನೂ ಆಗದು.

ಮೂರನೆಯದು ಎಂಸಿಸ್2. ಇದರ ಹಿರಿಯಜ್ಜ ಸಿಗ್‌ವಿನ್. 1995ರಲ್ಲಿ ಸಿಗ್ನಸ್ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್ ಆರಂಭಿಸಿದ್ದು. ಯುನಿಕ್ಸ್ ಕೇಳುವುದನ್ನೆಲ್ಲ ವಿಂಡೋಸ್ ಭಾಷೆಗೆ ತರ್ಜುಮೆ ಮಾಡುವ ಒಂದು ಡಿಎಲ್‌ಎಲ್ ಫೈಲನ್ನು ನಡುವೆ ಕೂರಿಸಿದ್ದು ಅದರ ಚಮತ್ಕಾರ, ಅದೇ ಅದರ ಭಾರವೂ ಹೌದು: ಅಲ್ಲಿ ಕಂಪೈಲ್ ಆದ ಪ್ರತಿ ಪ್ರೋಗ್ರಾಂ ಆ ಮಧ್ಯವರ್ತಿಯನ್ನು ಬಿಟ್ಟು ಬದುಕಲಾರದು. ಮಧ್ಯವರ್ತಿ ಬೇಡ, ಜಿಸಿಸಿಯಿಂದ ನೇರ ವಿಂಡೋಸ್ ಪ್ರೋಗ್ರಾಂ ಹುಟ್ಟಲಿ ಎಂದು ಹೊರಟದ್ದು ಮಿಂಗ್‌ಡಬ್ಲ್ಯು. ಎಂಸಿಸ್2 ಈ ಎರಡನ್ನೂ ಜಾಣತನದಿಂದ ಹೊಂದಿಸಿದೆ. ಶೆಲ್, ಗ್ರೆಪ್ ಮೊದಲಾದ ಕೈಯಾಳುಗಳು ಸಿಗ್‌ವಿನ್ ರೀತಿಯಲ್ಲಿ ಓಡುತ್ತವೆ. ಹುಟ್ಟುವ ಪ್ರೋಗ್ರಾಂ ಮಾತ್ರ ಅಪ್ಪಟ ವಿಂಡೋಸ್‌ನದು. ಮೇಲಿಂದ ಆರ್ಚ್ ಲಿನಕ್ಸ್‌ನ 'ಪ್ಯಾಕ್‌ಮನ್' ಪ್ಯಾಕೇಜ್ ವ್ಯವಸ್ಥೆ. ನಮ್ಮ ಕೆಲಸಕ್ಕೆ ಈ ದಾರಿ ಸರಿ. ಅದಕ್ಕೊಂದು ಖಚಿತ ಕಾರಣವಿದೆ: ವಿಂಡೋಸ್‌ನಲ್ಲಿ ಕಟ್ಟಿದ ಹಾರ್ಫ್‌ಬಜ್, ಮೈಕ್ರೋಸಾಫ್ಟ್‌ನ ಸ್ವಂತ ಅಕ್ಷರ ಜೋಡಕವಾದ ಯೂನಿಸ್ಕ್ರೈಬನ್ನೂ ಕರೆದು ಕೆಲಸ ಮಾಡಿಸಬಲ್ಲದು. ಒಂದೇ ಪದವನ್ನು ಇಬ್ಬರ ಕೈಗೂ ಕೊಟ್ಟು ಹೋಲಿಸಬಹುದು. ಡಬ್ಲ್ಯುಎಸ್‌ಎಲ್ ಒಳಗೆ ಈ ಸೌಕರ್ಯವಿಲ್ಲ.

ನೆಲ ಹದ ಮಾಡುವುದು

ಎಂಸಿಸ್2 ಅಳವಡಿಸಿದೊಡನೆ ಸ್ಟಾರ್ಟ್ ಮೆನುವಿನಲ್ಲಿ ಒಂದೇ ಬಗೆಯ ಹಲವು ಕಿಟಕಿಗಳು ಬಂದು ಕೂರುತ್ತವೆ: ಎಂಸಿಸ್, ಮಿಂಗ್‌ಡಬ್ಲ್ಯು64, ಯುಸಿಆರ್‌ಟಿ64, ಕ್ಲ್ಯಾಂಗ್64. ನೋಡಲು ಒಂದೇ, ಒಳಗಿನ ಕಂಪೈಲರ್ ಬೇರೆ ಬೇರೆ. ಈಗ ಶುರು ಮಾಡುವವರು ಯುಸಿಆರ್‌ಟಿ64 ತೆರೆಯಬೇಕು, ಎಂಸಿಸ್ ಅಲ್ಲ. ಪ್ರಾಂಪ್ಟ್‌ನಲ್ಲೇ ಗುಲಾಬಿ ಬಣ್ಣದಲ್ಲಿ ಆ ಹೆಸರು ಬರೆದಿರುತ್ತದೆ. ಪ್ರತಿ ಸಲವೂ ಅದರತ್ತ ಒಮ್ಮೆ ಕಣ್ಣು ಹಾಯಿಸುವುದು ರೂಢಿಯಾಗಲಿ. ಯುಸಿಆರ್‌ಟಿ ಎಂಬ ರನ್‌ಟೈಮ್ ಲೈಬ್ರರಿ ವಿಂಡೋಸ್ 10ರಿಂದ ವ್ಯವಸ್ಥೆಯ ಭಾಗವೇ ಆಗಿದೆ, ಯುಟಿಎಫ್-8ನ್ನು ಬಲ್ಲದು. ಹಳೆಯ ಎಂಎಸ್‌ವಿಸಿಆರ್‌ಟಿಗೆ ಆ ಜ್ಞಾನವಿಲ್ಲ. ಕನ್ನಡದ ಕೆಲಸಕ್ಕೆ ಹೊರಟವರು ಇನ್ನೊಂದು ಯೋಚನೆ ಮಾಡಬೇಕಿಲ್ಲ.

ಮೊದಲ ಆಜ್ಞೆ ಪ್ಯಾಕ್‌ಮನ್‌ಗೆ 'ಎಲ್ಲವನ್ನೂ ಹೊಸದು ಮಾಡು' ಎಂದು ಹೇಳುವುದು. ನಡುವೆ ಅದು ಕಿಟಕಿಯನ್ನೇ ಮುಚ್ಚಲು ಕೇಳಬಹುದು. ಗಾಬರಿ ಬೇಡ, ಮುಚ್ಚಿ ಮತ್ತೆ ತೆರೆದು ಅದೇ ಆಜ್ಞೆ ಕೊಟ್ಟರಾಯಿತು. ಆಮೇಲೆ ಕಂಪೈಲರ್ ಜಿಸಿಸಿ, ಕಟ್ಟಡದ ಮೇಸ್ತ್ರಿಗಳಾದ ಮೆಸನ್ ಮತ್ತು ನಿಂಜಾ, ಲೈಬ್ರರಿಗಳ ವಿಳಾಸ ಹೇಳುವ ಪಿಕೆಜಿಕಾನ್ಫ್, ಹಾರ್ಫ್‌ಬಜ್ ಆಸರೆ ಪಡೆಯುವ ಜಿಲಿಬ್, ಫ್ರೀಟೈಪ್, ಕೈರೋ, ಇವಲ್ಲದೆ ಸೋರ್ಸ್ ತರಲು ಗಿಟ್, ಇಷ್ಟನ್ನು ತರಿಸಿಕೊಳ್ಳಬೇಕು. ಗಿಟ್ ಒಂದನ್ನು ಬಿಟ್ಟು ಉಳಿದವುಗಳ ಪ್ಯಾಕೇಜ್ ಹೆಸರಿನ ಮುಂದೆ ಯುಸಿಆರ್‌ಟಿಯ ಉದ್ದನೆಯ ಮನೆಹೆಸರು ಇರಬೇಕು. ಬರಿಯ 'ಜಿಸಿಸಿ' ಎಂದು ಕೇಳಿದರೆ ಪ್ಯಾಕ್‌ಮನ್ ಎಂಸಿಸ್ ಮನೆಯ ಜಿಸಿಸಿಯನ್ನು ಮರುಮಾತಿಲ್ಲದೆ ತಂದುಕೊಡುತ್ತದೆ, ತಪ್ಪು ಗೊತ್ತಾಗುವುದು ಒಂದು ಗಂಟೆಯ ನಂತರ.

ಕಲಬೆರಕೆಯ ಮಾತು ಬಂತು. ವಿಂಡೋಸ್‌ನಲ್ಲಿ ಕಂಪೈಲ್ ಮಾಡುವವರ ಸಮಯ ತಿನ್ನುವುದರಲ್ಲಿ ಒಂದೇ ಹೆಸರಿನ ಎರಡು ಪ್ರೋಗ್ರಾಂಗಳಿಗೆ ಅಗ್ರಸ್ಥಾನ. 'ಲಿಂಕ್' ಎಂಬುದು ಮೈಕ್ರೋಸಾಫ್ಟ್ ಕಂಪೈಲರ್ ಬಳಗದಲ್ಲಿ ತುಣುಕುಗಳನ್ನು ಬೆಸೆದು ಪ್ರೋಗ್ರಾಂ ಮಾಡುವ ಲಿಂಕರ್. ಯುನಿಕ್ಸ್ ಬಳಗದಲ್ಲಿ ಅದೇ ಹೆಸರಿನದು ಒಂದು ಫೈಲಿಗೆ ಇನ್ನೊಂದು ಹೆಸರಿಡುವ ಪುಟ್ಟ ಉಪಕರಣ. ಎಂಸಿಸ್ ಶೆಲ್‌ನಿಂದ ಮೈಕ್ರೋಸಾಫ್ಟ್ ಕಂಪೈಲರ್ ಓಡಿಸಿದರೆ ಎಲ್ಲವೂ ಕಂಪೈಲ್ ಆಗಿ, ಕೊನೇ ಗಳಿಗೆಯಲ್ಲಿ ತಪ್ಪು ಲಿಂಕ್ ಎದ್ದು ಬಂದು ಅಸಂಬದ್ಧ ದೂರು ಹೇಳುತ್ತದೆ. 'ಫೈಂಡ್' ಎಂದರೆ ಯುನಿಕ್ಸ್‌ನಲ್ಲಿ ಫೈಲ್ ಹುಡುಕುವುದು, ವಿಂಡೋಸ್‌ನಲ್ಲಿ ಫೈಲಿನೊಳಗೆ ಪದ ಹುಡುಕುವುದು. ಸಿಸ್ಟಂ32 ಫೋಲ್ಡರಿನ 'ಬ್ಯಾಷ್' ಡಬ್ಲ್ಯುಎಸ್‌ಎಲ್‌ನ ಬಾಗಿಲು ತಟ್ಟುತ್ತದೆ, ಗಿಟ್ ಜೊತೆ ಬಂದ ಬ್ಯಾಷ್ ಬೇರೆಯೇ. ಇನ್ನು 'ಪೈಥಾನ್' ಎಂದು ಟೈಪ್ ಮಾಡಿದರೆ ಪೈಥಾನ್ ಬದಲು ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಅಂಗಡಿಗೆ ಕರೆಯುವುದಂತೂ ಹೊಸಬರೆಲ್ಲರ ಅನುಭವ. ಸ್ಟ್ರಾಬೆರಿ ಪರ್ಲ್ ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಅದರ ಜೊತೆ ಬಂದ ಜಿಸಿಸಿಯೊಂದು ಮೌನವಾಗಿ ಕೂತಿರುತ್ತದೆ; ಸಿಮೇಕ್ ಎಷ್ಟೋ ಸಲ ಅದನ್ನೇ ಅಸಲಿಯೆಂದು ಹಿಡಿದುಕೊಳ್ಳುತ್ತದೆ.

ಇವೆಲ್ಲಕ್ಕೂ ಮೂಲ 'ಪಾತ್' ಎಂಬ ಪಟ್ಟಿ. ಹೆಸರೊಂದನ್ನು ಕೊಟ್ಟಾಗ ಯಾವ್ಯಾವ ಫೋಲ್ಡರ್‌ಗಳಲ್ಲಿ ಯಾವ ಸರದಿಯಲ್ಲಿ ಹುಡುಕಬೇಕೆಂದು ಕಂಪ್ಯೂಟರಿಗೆ ಹೇಳುವುದು ಅದು. ಮೊದಲು ಸಿಕ್ಕಿದವನೇ ಗೆದ್ದ. ಸಂಶಯ ಬಂದಾಗ ಎಂಸಿಸ್2ನಲ್ಲಿ 'ವಿಚ್', ವಿಂಡೋಸ್ ಪ್ರಾಂಪ್ಟ್‌ನಲ್ಲಿ 'ವೇರ್' ಎಂಬ ಆಜ್ಞೆ ಕೇಳಿದರೆ ಗೆದ್ದವನ ಪೂರ್ತಿ ವಿಳಾಸ ಸಿಗುತ್ತದೆ. ಪಾತ್ ಪಟ್ಟಿಗೆ ಎಲ್ಲವನ್ನೂ ಕಾಯಂ ಸೇರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಬೇಡ. ಆಯಾ ಕೆಲಸಕ್ಕೆ ಆಯಾ ಕಿಟಕಿ ತೆರೆಯುವುದೇ ಕ್ಷೇಮ.

ಸೋರ್ಸ್ ಇಡುವ ಜಾಗವೂ ಮುಖ್ಯ. ಸಿ ಡ್ರೈವ್‌ನ ಬುಡದಲ್ಲೇ ಚಿಕ್ಕ ಹೆಸರಿನ ಒಂದು ಫೋಲ್ಡರ್ ಮಾಡಿಕೊಳ್ಳಿ. 'ಪ್ರೋಗ್ರಾಂ ಫೈಲ್ಸ್' ಎಂಬ ಹೆಸರಿನ ನಡುವಿನ ಆ ಖಾಲಿ ಜಾಗ ಇದೆಯಲ್ಲ, ಮೇಕ್ ಅದನ್ನು ಎರಡು ಬೇರೆ ಹೆಸರುಗಳೆಂದು ಓದುತ್ತದೆ. ಒನ್‌ಡ್ರೈವ್ ಕಾಯುವ ಡಾಕ್ಯುಮೆಂಟ್ಸ್ ಫೋಲ್ಡರ್ ಬೇಡವೇ ಬೇಡ: ಕಂಪೈಲ್ ಆಗುವಾಗ ಹುಟ್ಟಿ ಸಾಯುವ ನೂರಾರು ತಾತ್ಕಾಲಿಕ ಫೈಲ್‌ಗಳನ್ನೆಲ್ಲ ಅದು ಮೋಡಕ್ಕೆ ಏರಿಸಲು ಹೊರಡುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ವಿಳಾಸ 260 ಅಕ್ಷರ ಮೀರಬಾರದೆಂಬ ಹಳೆಯ ಕಟ್ಟಳೆ ಇನ್ನೂ ಜಾರಿಯಲ್ಲಿದೆ. ವಿಂಡೋಸ್ 10ರಲ್ಲಿ ಅದನ್ನು ಸಡಿಲಿಸುವ ರಿಜಿಸ್ಟ್ರಿ ಗುಂಡಿ ಬಂದರೂ ಹಳೆಯ ಪ್ರೋಗ್ರಾಂಗಳು ಅದಕ್ಕೆ ಕಿವಿಗೊಡುವುದಿಲ್ಲ. ಡಾಸ್ ಕಾಲದ ಇನ್ನೊಂದು ಪಳೆಯುಳಿಕೆ, ನಿಷಿದ್ಧ ಹೆಸರುಗಳು. 'ಕಾನ್', 'ಪಿಆರ್‌ಎನ್', 'ಆಕ್ಸ್', 'ನಲ್' ಎಂಬ ಹೆಸರಿನ ಫೈಲ್‌ಗಳಿಗೆ ವಿಂಡೋಸ್‌ನಲ್ಲಿ ಪ್ರವೇಶವಿಲ್ಲ. ಲಿನಕ್ಸ್ ಕರ್ನೆಲ್‌ನ ಸೋರ್ಸ್‌ನಲ್ಲಿ ಆಕ್ಸ್.ಸಿ ಎಂಬ ಫೈಲ್ ಇರುವುದರಿಂದ ಅದನ್ನು ಸಾದಾ ವಿಂಡೋಸ್ ಫೋಲ್ಡರಿಗೆ ಪೂರ್ತಿಯಾಗಿ ಇಳಿಸಿಕೊಳ್ಳಲೂ ಆಗುವುದಿಲ್ಲ.

ಕನ್ನಡಿಗರಿಗೆ ವಿಶೇಷವಾಗಿ ತಟ್ಟುವ ಸಂಗತಿಯೊಂದಿದೆ. ಯೂನಿಕೋಡ್‌ಗೆ ಮುಂಚೆ ವಿಂಡೋಸ್ ಒಂದೊಂದು ಭಾಷಾಗುಂಪಿಗೆ ಒಂದೊಂದು ಕೋಡ್ ಪೇಜ್ ಇಟ್ಟಿತ್ತು: ಪಶ್ಚಿಮ ಯುರೋಪಿಗೆ 1252, ಜಪಾನಿಗೆ 932, ಥಾಯ್‌ಗೆ 874. ಕನ್ನಡಕ್ಕೆ ವ್ಯವಸ್ಥೆಯ ಕೋಡ್ ಪೇಜ್ ಎಂಬುದು ಸಿಗಲೇ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಅದು ನೇರ ಯೂನಿಕೋಡ್ ಮನೆಗೇ ಕಾಲಿಟ್ಟಿತು. ಒಳ್ಳೆಯದೇ ಆಯಿತು, ಆದರೆ ಹಳೆಯ ಶೈಲಿಯಲ್ಲಿ ಬರೆದ ಕಂಪೈಲ್ ಉಪಕರಣಗಳು ಇವತ್ತಿಗೂ ಫೈಲ್ ಹೆಸರುಗಳನ್ನು ಆ ಕೋಡ್ ಪೇಜ್ ಮೂಲಕವೇ ಓದುತ್ತವೆ. ಜಪಾನಿನವರ ಕಂಪ್ಯೂಟರಿನಲ್ಲಿ ಜಪಾನಿ ಹೆಸರಿನ ಫೋಲ್ಡರ್ ಹೇಗೋ ದಾಟಿಕೊಳ್ಳುತ್ತದೆ. ಕನ್ನಡ ಹೆಸರಿನದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಂಡೋಸ್ ಖಾತೆಗೆ ಪ್ರೀತಿಯಿಂದ ಕನ್ನಡದಲ್ಲಿ ಹೆಸರಿಟ್ಟವರ ಬಳಕೆದಾರ ಫೋಲ್ಡರೂ ಕನ್ನಡದಲ್ಲೇ ಇರುವುದುಂಟು. ತಾತ್ಕಾಲಿಕ ಫೈಲ್‌ಗಳು ಹೋಗುವುದೂ ಅದರೊಳಗೇ. ಅಂಥವರು ಕಂಪೈಲ್ ಕೆಲಸಕ್ಕೆಂದೇ ರೋಮನ್ ಅಕ್ಷರದ ಇನ್ನೊಂದು ಖಾತೆ ತೆರೆಯುವುದು ಸದ್ಯಕ್ಕಿರುವ ಪರಿಹಾರ. ನನಗೂ ಇದು ಇಷ್ಟದ ಸಲಹೆಯೇನಲ್ಲ.

ಸೋರ್ಸ್ ತರುವುದು, ಕಟ್ಟುವುದು

ಸೋರ್ಸನ್ನು ಜಿಪ್ ಆಗಿ ಇಳಿಸುವುದಕ್ಕಿಂತ ಗಿಟ್ ಮೂಲಕ ತರುವುದು ಲೇಸು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂಬ ಇತಿಹಾಸ ಜೊತೆಗೇ ಬರುತ್ತದೆ. ಇದು ಬರಿಯ ಕುತೂಹಲದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾಯಿತು. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಹೊರಬಿದ್ದ ಸಂಗತಿ ಅದು. ಹಿಂಬಾಗಿಲನ್ನು ಎಬ್ಬಿಸುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಟ್ಟ ಸೋರ್ಸ್ ಗಂಟಿನಲ್ಲಿ, ಅದೂ ಕಂಪೈಲ್ ಸಿದ್ಧತೆಯ ಫೈಲ್‌ಗಳ ನಡುವೆ, ಯಾರೂ ಓದದ ಜಾಗದಲ್ಲಿ ಅವಿತಿತ್ತು. ಸೋರ್ಸ್‌ನಿಂದ ಕಂಪೈಲ್ ಮಾಡಿದ ಮಾತ್ರಕ್ಕೆ ಪ್ರೋಗ್ರಾಂ ಶುದ್ಧ ಎಂದು ಹೇಳುವವರಿಗೆ ಇಷ್ಟು ಸಾಕು. ಯುನಿಕ್ಸ್ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಷ್ಟು ಹಿಂದೆಯೇ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಕಂಪೈಲರನ್ನೇ ಕೆಡಿಸಿಟ್ಟರೆ ಸೋರ್ಸ್ ಎಷ್ಟು ಓದಿದರೂ ಮೋಸ ಕಾಣದು ಎಂದು ತೋರಿಸಿಕೊಟ್ಟಿದ್ದರು.

ಗಿಟ್‌ನಲ್ಲಿ ಒಂದು ಸಣ್ಣ ಎಚ್ಚರಿಕೆ. ಸಾಲು ಮುಗಿಯಿತು ಎನ್ನಲು ವಿಂಡೋಸ್ ಎರಡು ಗುರುತು ಹಾಕುತ್ತದೆ, ಯುನಿಕ್ಸ್ ಒಂದು. ವಿಂಡೋಸ್‌ನ ಗಿಟ್ ಉಪಕಾರ ಮಾಡುತ್ತೇನೆಂದು ಫೈಲ್‌ಗಳನ್ನೆಲ್ಲ ಎರಡು ಗುರುತಿಗೆ ಬದಲಿಸಿಟ್ಟರೆ ಶೆಲ್ ಸ್ಕ್ರಿಪ್ಟ್‌ಗಳು ಮುಗ್ಗರಿಸುತ್ತವೆ. 'ಆಟೋಸಿಆರ್‌ಎಲ್‌ಎಫ್' ಎಂಬ ಈ ಏರ್ಪಾಡನ್ನು ಸೋರ್ಸ್ ತರುವ ಮೊದಲೇ ಆಫ್ ಮಾಡಬೇಕು. ತಂದಾದ ಮೇಲೆ ಮಾಡಿದರೆ ಬದಲಾದವು ಬದಲಾದ ಹಾಗೆಯೇ ಉಳಿಯುತ್ತವೆ.

ಇನ್ನು ಕಟ್ಟುವುದು. ಹಾರ್ಫ್‌ಬಜ್ ಫೋಲ್ಡರಿನೊಳಗೆ ಹೋಗಿ 'ಮೆಸನ್ ಸೆಟಪ್ ಬಿಲ್ಡ್' ಎನ್ನಬೇಕು. ಯೂನಿಸ್ಕ್ರೈಬ್ ಬೇಕಿರುವುದರಿಂದ 'ಜಿಡಿಐ' ಆಯ್ಕೆಯನ್ನು ಆನ್ ಮಾಡಬೇಕು, ತಾನಾಗಿ ಅದು ಆಫ್ ಇರುತ್ತದೆ. ಮೆಸನ್ ಉರುಳಿಸುವ ಸಾಲುಗಳನ್ನು ಕಾಫಿ ತರಲು ಎದ್ದು ಹೋಗದೆ ಓದಿ. ಫ್ರೀಟೈಪ್ ಸಿಕ್ಕಿತೇ, ಕೈರೋ ಸಿಕ್ಕಿತೇ, ಯಾವ ಕಂಪೈಲರ್ ಹಿಡಿದಿದೆ ಎಂದೆಲ್ಲ ಅಲ್ಲೇ ಬರೆದಿರುತ್ತದೆ. ಕೈರೋ ಸಿಗದಿದ್ದರೆ ಮೆಸನ್ ಜಗಳ ಮಾಡದೆ ಮುಂದೆ ಹೋಗಬಹುದು, ಆದರೆ ಅಕ್ಷರಗಳ ಚಿತ್ರ ಬಿಡಿಸುವ 'ಎಚ್‌ಬಿ-ವ್ಯೂ' ಎಂಬ ಉಪಕರಣ ಹುಟ್ಟುವುದೇ ಇಲ್ಲ. ಆಮೇಲೆ 'ಮೆಸನ್ ಕಂಪೈಲ್'. ಮೇಕ್‌ನ ಮೊಮ್ಮಗನಂತಿರುವ ನಿಂಜಾ, ಗೂಗಲ್‌ನಲ್ಲಿ ಕ್ರೋಮ್ ಕಟ್ಟುವವರ ತಾಳ್ಮೆ ಕೆಟ್ಟು ಹುಟ್ಟಿದ್ದು, ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಎಂಟು ಕೋರ್ ಇದ್ದು ರ್‍ಯಾಮ್ ನಾಲ್ಕೇ ಜಿಬಿ ಇದ್ದರೆ ಏಕಕಾಲದ ಕೆಲಸಗಳನ್ನು ಎರಡಕ್ಕೋ ಮೂರಕ್ಕೋ ಇಳಿಸಬೇಕು. ವಿಂಡೋಸ್ ಡಿಫೆಂಡರ್ ಹುಟ್ಟುವ ಪ್ರತಿ ಫೈಲನ್ನೂ ಮೂಸಿ ನೋಡುವುದರಿಂದ ವೇಗ ಇನ್ನಷ್ಟು ಕುಗ್ಗುತ್ತದೆ. ಆ ಒಂದು ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಬಹುದು. ಡಿಫೆಂಡರನ್ನೇ ಪೂರ್ತಿ ನಿಲ್ಲಿಸುವುದು ತಿಳಿಗೇಡಿತನ.

ದೋಷ ಬಂದರೆ? ಬರುತ್ತದೆ. ಆಗ ಕೊನೆಯ ಸಾಲು ನೋಡಬೇಡಿ, ಮೇಲಕ್ಕೆ ಉರುಳಿಸುತ್ತ ಹೋಗಿ ಮೊಟ್ಟಮೊದಲ 'ಎರರ್' ಎಲ್ಲಿದೆಯೋ ಅಲ್ಲಿ ನಿಲ್ಲಿ. ಮಿಕ್ಕ ಐವತ್ತು ಸಾಮಾನ್ಯವಾಗಿ ಅದರ ಸಂತಾನ. 'ವಾರ್ನಿಂಗ್'ಗಳನ್ನು ನೋಡಿ ಹೆದರಬೇಕಿಲ್ಲ.

ಕಂಪೈಲ್ ಆಯಿತು, ಹೊಸ ಪ್ರೋಗ್ರಾಂ ಫೋಲ್ಡರಿನಲ್ಲಿ ಕಾಣುತ್ತಿದೆ, ಹೊರಗಿನಿಂದ ಓಡಿಸಿದರೆ ಜಿಲಿಬ್‌ನ ಡಿಎಲ್‌ಎಲ್ ಸಿಗಲಿಲ್ಲ ಎಂಬ ಡಬ್ಬಿ ಎದುರಾಗುತ್ತದೆ. ಪ್ರೋಗ್ರಾಂ ಕೆಟ್ಟಿಲ್ಲ. ಯುಸಿಆರ್‌ಟಿ64 ಕಿಟಕಿಯ ಪಾತ್ ಪಟ್ಟಿಯಲ್ಲಿದ್ದ ಲೈಬ್ರರಿಗಳು ಹೊರಗಿನ ವಿಂಡೋಸ್‌ಗೆ ಕಾಣುತ್ತಿಲ್ಲ, ಅಷ್ಟೇ. 'ಮೆಸನ್ ಡೆವ್‌ಎನ್‌ವ್' ಎಂಬ ಆಜ್ಞೆ ಬೇಕಾದ ಪಾತ್‌ಗಳನ್ನೆಲ್ಲ ಜೋಡಿಸಿದ ಶೆಲ್ ತೆರೆದುಕೊಡುತ್ತದೆ. ಬೇರೆ ಕಂಪ್ಯೂಟರಿಗೆ ಒಯ್ಯುವುದಾದರೆ 'ಎಲ್‌ಡಿಡಿ' ಹೇಳುವ ಪಟ್ಟಿ ನೋಡಿ ಆ ಡಿಎಲ್‌ಎಲ್‌ಗಳನ್ನೂ ಜೊತೆಗೆ ಕಟ್ಟಿಕೊಡಬೇಕು. ಇಂಟರ್‌ನೆಟ್ಟಿನ ಯಾವುದೋ ಡಿಎಲ್‌ಎಲ್ ಸಂತೆಯಿಂದ ಅದೇ ಹೆಸರಿನ ಫೈಲ್ ತಂದು ಹಾಕುವುದು ವೈರಸ್‌ಗೆ ಕೊಟ್ಟ ಆಹ್ವಾನವಂತೂ ಹೌದು; ವೈರಸ್ ಇಲ್ಲದಿದ್ದರೂ ಅದು ಬೇರೆ ಕಂಪೈಲರಿನಲ್ಲಿ, ಬೇರೆ ರನ್‌ಟೈಮ್‌ಗೆ ಹುಟ್ಟಿದ್ದಿರಬಹುದು. ಒಂದು ರನ್‌ಟೈಮ್ ಕೊಟ್ಟ ಮೆಮೊರಿಯನ್ನು ಇನ್ನೊಂದು ರನ್‌ಟೈಮ್ ಬಿಡುಗಡೆ ಮಾಡಹೋದರೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಹಳಿಯೂ ರೈಲಿನದೇ, ಬೋಗಿಯೂ ರೈಲಿನದೇ. ಆದರೂ ಮೀಟರ್‌ಗೇಜ್ ಬೋಗಿ ಬ್ರಾಡ್‌ಗೇಜ್ ಹಳಿಯ ಮೇಲೆ ಓಡದು.

ಇಷ್ಟೆಲ್ಲ ಆದ ಮೇಲೆ ಹಬ್ಬ. ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, 'ಕರ್ನಾಟಕ' ಪದವನ್ನು ಯುಟಿಎಫ್-8 ಟೆಕ್ಸ್ಟ್ ಫೈಲಿನಲ್ಲಿ ಬರೆದು ಎಚ್‌ಬಿ-ವ್ಯೂಗೆ ತೋರಿಸಿ. ಅಕ್ಷರಗಳು ಚಿತ್ರವಾಗಿ ಮೂಡುತ್ತವೆ. ಜೊತೆಗಾರ 'ಎಚ್‌ಬಿ-ಶೇಪ್' ಯಾವ ಗ್ಲಿಫ್ (ಫಾಂಟಿನ ಅಕ್ಷರಚಿತ್ರ) ಯಾವ ಜಾಗದಲ್ಲಿ ಕೂತಿದೆ ಎಂದು ಬರೆದೇ ತೋರಿಸುತ್ತದೆ. ಶೇಪರ್, ಅಂದರೆ ಅಕ್ಷರ ಜೋಡಕದ ಆಯ್ಕೆಯನ್ನು ಯೂನಿಸ್ಕ್ರೈಬ್‌ಗೆ ಬದಲಿಸಿದರೆ ಮೈಕ್ರೋಸಾಫ್ಟ್‌ನ ಲೆಕ್ಕಾಚಾರ ಪಕ್ಕದಲ್ಲೇ. ಈ ಹೋಲಿಕೆಗೆ ಚರಿತ್ರೆಯಿದೆ: ಭಾರತೀಯ ಲಿಪಿಗಳ ಜೋಡಣೆ ಬರೆಯುವಾಗ ಹಾರ್ಫ್‌ಬಜ್ ಬಳಗ ಯೂನಿಸ್ಕ್ರೈಬ್ ತೋರಿಸುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಎಷ್ಟರಮಟ್ಟಿಗೆ ಎಂದರೆ, ಯೂನಿಸ್ಕ್ರೈಬ್‌ನ ತಪ್ಪುಗಳನ್ನೂ ಹಾಗೆಯೇ ಅನುಕರಿಸುವ ಒಂದು ಆಯ್ಕೆಯನ್ನೂ ಬರೆದಿಟ್ಟಿದೆ.

ಈಗ ಸೋರ್ಸ್ ಫೋಲ್ಡರಿನ ಇಂಡಿಕ್ ಶೇಪರ್ ಫೈಲ್ ತೆರೆಯಿರಿ. ಸ್ವಲ್ಪ ಕೆಳಗೆ ಹೋದರೆ ಒಂದು ಪುಟ್ಟ ಕೋಷ್ಟಕ, ಒಂದೊಂದು ಭಾರತೀಯ ಲಿಪಿಗೆ ಒಂದೊಂದು ಸಾಲು. ಕನ್ನಡದ ಸಾಲಿನಲ್ಲಿ ಹಲಂತದ ಸಂಕೇತ, ಮೂಲ ವ್ಯಂಜನವನ್ನು ಕೊನೆಯಿಂದ ಹುಡುಕಬೇಕೆಂಬ ಸೂಚನೆ, ಅರ್ಕಾವತ್ತು ಎಲ್ಲರ ಹಿಂದೆ ಕೂರಬೇಕೆಂಬ ಸೂಚನೆ, ಅದು ತಾನಾಗಿ ಮೂಡಬೇಕೆಂಬ ಸೂಚನೆ, 'ಇಂಪ್ಲಿಸಿಟ್'. ಪಕ್ಕದ ತೆಲುಗು ಸಾಲು ನೋಡಿ. ಲಿಪಿಯ ಹೆಸರು, ಹಲಂತದ ಸಂಕೇತ ಬಿಟ್ಟರೆ ವ್ಯತ್ಯಾಸ ಒಂದೇ ಪದ: ಅಲ್ಲಿ 'ಎಕ್ಸ್‌ಪ್ಲಿಸಿಟ್' ಎಂದಿದೆ, ಹೇಳಿ ಕೇಳಿದರೆ ಮಾತ್ರ ಎಂದರ್ಥ. ಕನ್ನಡದ ಸಾಲಿನಲ್ಲೂ ಅದನ್ನೇ ಬರೆದು ಉಳಿಸಿ ಮತ್ತೆ ಕಂಪೈಲ್ ಮಾಡಿ. ನಿಂಜಾ ಬದಲಾದ ಫೈಲಿಗೆ ಸಂಬಂಧಿಸಿದ್ದನ್ನಷ್ಟೇ ಮುಟ್ಟುವುದರಿಂದ ಈ ಸಲ ಹೆಚ್ಚು ಹೊತ್ತು ಹಿಡಿಯದು. 'ಕರ್ನಾಟಕ'ವನ್ನು ಮತ್ತೆ ತೋರಿಸಿ. ಅರ್ಕಾವತ್ತು ಮಾಯ! ರಾ ಕೆಳಗೆ ನ ಒತ್ತಾಗಿ ತೆಲುಗಿನ ಜಾಯಮಾನದಲ್ಲಿ ಕೂತಿರುತ್ತದೆ. 'ರ್‍ಯಾಂಕ್' ಬರೆಯುವಾಗ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ತೂರಿಸಿ ನಾವು ಪಡೆಯುವ ರೂಪ, ಈ ಪ್ರತಿಯಲ್ಲಿ ಅದಿಲ್ಲದೆಯೇ ಬರುತ್ತದೆ. ಕೋಟ್ಯಂತರ ಫೋನುಗಳ ಕನ್ನಡ ನಿಂತಿರುವುದು ಇಂಥ ಸಾಲುಗಳ ಮೇಲೆ, ಅವು ಯಾರ ತಿಜೋರಿಯಲ್ಲೂ ಇಲ್ಲ. ಆಟ ಮುಗಿದ ಮೇಲೆ ಗಿಟ್‌ಗೆ ಹೇಳಿದರೆ ಸಾಲು ಮೊದಲಿನಂತಾಗುತ್ತದೆ.

ಇದರಿಂದ ಹುರುಪು ಬಂದು ಕ್ರೋಮ್‌ನ ಮುಕ್ತ ಬುನಾದಿಯಾದ ಕ್ರೋಮಿಯಂ ಕಟ್ಟಲು ಹೊರಡಬೇಡಿ. ವಿಂಡೋಸ್‌ನಲ್ಲಿ ಅದಕ್ಕೆ ಕನಿಷ್ಠ 100 ಜಿಬಿ ಖಾಲಿ ಜಾಗ ಬೇಕು, 16 ಜಿಬಿಗಿಂತ ಹೆಚ್ಚು ರ್‍ಯಾಮ್ ಇದ್ದರೆ ಒಳ್ಳೆಯದು ಎಂದು ಅದರ ಬಳಗವೇ ಬರೆದಿಟ್ಟಿದೆ. ಫೈರ್‌ಫಾಕ್ಸ್‌ಗೆ ಮೊಜಿಲ್ಲಾ ಸಂಸ್ಥೆ 'ಮೊಜಿಲ್ಲಾಬಿಲ್ಡ್' ಎಂಬ ಸಿದ್ಧ ಸಲಕರಣೆ ಪೆಟ್ಟಿಗೆ ಕೊಡುತ್ತದೆ, ಆದರೂ ಅದು ದೊಡ್ಡ ಕೆಲಸವೇ. ಮೊದಮೊದಲು ಚಿಕ್ಕ ಲೈಬ್ರರಿಗಳೇ ಸಾಕು. ಯೋಜನೆಯ ರೀಡ್‌ಮಿಯಲ್ಲಿ ವಿಂಡೋಸ್‌ಗೆಂದು ಪ್ರತ್ಯೇಕ ಸೂಚನೆ ಇದ್ದರೆ ನನ್ನ ಸಲಹೆ ಬದಿಗಿಟ್ಟು ಅವರು ಹೇಳಿದ ದಾರಿಯನ್ನೇ ಹಿಡಿಯಿರಿ. ಅವರು ಪರೀಕ್ಷಿಸಿರುವುದು ಆ ದಾರಿಯನ್ನು.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಫೋನಿನಲ್ಲೋ ಬ್ರೌಸರಿನಲ್ಲೋ ಕನ್ನಡದ ಒತ್ತಕ್ಷರ ತಪ್ಪಾಗಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿ ನಿಟ್ಟುಸಿರು ಬಿಡುವುದರಿಂದ ಅದು ಸರಿಹೋಗುವುದಿಲ್ಲ. ಅದೇ ಫಾಂಟು, ಅದೇ ಪದವನ್ನು ಎಚ್‌ಬಿ-ವ್ಯೂಗೆ ಕೊಟ್ಟು ನೋಡಿ. ಫಾಂಟ್ ಬದಲಿಸಿದಾಗ ಸರಿಹೋದರೆ ತಪ್ಪು ಬಹುಮಟ್ಟಿಗೆ ಫಾಂಟಿನದು, ಅದರ ತಯಾರಕರಿಗೆ ಬರೆಯಿರಿ. ಯಾವ ಫಾಂಟಿನಲ್ಲೂ ಸರಿಹೋಗದಿದ್ದರೆ ಪದ, ಫಾಂಟಿನ ಹೆಸರು, ಬರಬೇಕಾದ ರೂಪ ಮೂರನ್ನೂ ಸೇರಿಸಿ ಹಾರ್ಫ್‌ಬಜ್ ಬಳಗಕ್ಕೆ ವರದಿ ಕಳಿಸಿ. ಕನ್ನಡ ಓದಲು ಬಾರದ ಡೆವಲಪರ್‌ಗೂ ಆ ಮೂರು ವಿವರ ಇದ್ದರೆ ತಪ್ಪು ಹುಡುಕಲು ಸಾಧ್ಯ.